ದೇವನಕ್ಕಿಯ ವರ್ಗಾವಣೆ

೨೦೨೪ರ ಜುಲೈ ೧೪, ಬೆಳಗ್ಗೆ ಆರೂ ಇಪ್ಪತ್ತು. ಕಸ್ಬಾ ಬಡಾವಣೆಯ ವಸತಿ ಸಂಕೀರ್ಣದೊಳಗೆ, ಮರಗಳಂಚಿನ ಕೆರೆಯಲ್ಲಿ, ಕೆಲಸದವರು ಕಳೆ ಎಳೆಯುವ ಹಗ್ಗ ದೇವನಕ್ಕಿಯೆಂಬ ನೀರುಹಕ್ಕಿಯ ಗೂಡಿದ್ದ ಕಳೆರಾಶಿಯನ್ನೇ ಸುತ್ತಿಕೊಂಡಿತ್ತು. ಗೂಡಿನಲ್ಲಿ ನಾಲ್ಕು ಮೊಟ್ಟೆ. ಪ್ರಾಣಿಶಾಸ್ತ್ರ ಓದಿದ ಜಲಜಾಕ್ಷಿ ಅಂಗಲಾಚಿದ ಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿ ಸೇನ್, "ಆಯ್ತು ದೀದಿ, ಚಹಾ ಮುಗಿಯುವವರೆಗೆ ಮಾತ್ರ ಕೆಲಸ ನಿಲ್ಲಿಸ್ತೇವೆ" ಎಂದಿದ್ದರು.

"ತಾಯಿ ಹೆದರಿ ಹಾರಿಹೋಗ್ತದೆ ನೋಡು," ಎಂದರು ಗಂಡ ಮೋಹನದಾಸ.

"ತಾಯಿಯಲ್ಲ ಮಾರಾಯ್ರೆ, ಅಪ್ಪ. ಇವುಗಳಲ್ಲಿ ಕಾವು ಕೊಡೋದು ಗಂಡೇ."

"ಅಪ್ಪನಾ? ಹಾಗಾದ್ರೆ ಮುಗೀತು ಕಥೆ!"

ಹಕ್ಕಿ ಎದ್ದಿತು. ಅದು ಹಾರಲಿಲ್ಲ, ಒಂದು ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಅವುಚಿಕೊಂಡು, ಉದ್ದುದ್ದ ಬೆರಳುಗಳನ್ನು ಎಲೆಯಿಂದ ಎಲೆಗೆ ಊರುತ್ತ ಹಿಂದಹಿಂದಕ್ಕೆ ನಡೆಯಿತು. ಕಳೆಯವರು ಕೈಹಾಕದ ತಾವರೆಗಳ ನಡುವೆ ಅದನ್ನಿಳಿಸಿ ಇನ್ನೊಂದಕ್ಕೆ ಮರಳಿತು. ಸೇನ್ ಕೈಯಲ್ಲಿದ್ದ ಚಹಾ ಆರಿಹೋಯಿತು. ಯಾರಿಗೂ ಕುಡಿಯುವ ಆತುರವಿರಲಿಲ್ಲ. ನಾಲ್ಕನೆಯದನ್ನೂ ಸಾಗಿಸಿ ಹಕ್ಕಿ ಕಾವಿಗೆ ಕೂತಾಗ, ಬ್ಯಾಂಕಿನ ಕೆಲಸದಲ್ಲಿ ಊರೂರು ಸುತ್ತಿದ್ದ ಮೋಹನದಾಸ ಮೆಲ್ಲಗೆ ಹೇಳಿದರು: "ನಾವು ಎಷ್ಟು ಸಲ ವರ್ಗವಾದೆವು! ಒಂದಾದ್ರೂ ಗ್ಲಾಸು ಒಡೆಯದೆ ಸಾಮಾನು ಸಾಗಿಸಿದ್ದುಂಟಾ ಮಾರಾಯ್ತಿ?"

ಹಳೆ ಗೂಡಿನಿಂದ ಹೊಸ ಜಾಗಕ್ಕೆ ಇದ್ದ ದೂರವನ್ನು ಜಲಜಾಕ್ಷಿ ದಡದ ಮೇಲೆಯೇ ಟೇಪು ಹಿಡಿದು ಅಳೆದರು. ಒಂಬತ್ತು ಮೀಟರ್.