ಬಿತ್ತು, ಟೀಚರ್

ದೂರಿನ ಪತ್ರ ಚೀಲದಲ್ಲಿತ್ತು. ಮಕ್ಕಳ ರಕ್ಷಣಾ ಕಚೇರಿ ಇರುವುದು ಚೌಕದ ಆಚೆ ಬದಿಗೆ. ಐದೂವರೆಗೆ ಬಾಗಿಲು ಹಾಕುತ್ತಾರೆ. ವ್ಯಾಕರಣದ ಟೀಚರ್ ಬಿರಬಿರನೆ ಹೆಜ್ಜೆ ಹಾಕಿದರು.

ಎಂಟನೇ ತರಗತಿಯ ಆ ಹುಡುಗಿ ಒಂದು ತಿಂಗಳಿಂದ ಸುಡು ಸೆಖೆಯಲ್ಲೂ ತುಂಬು ತೋಳಿನ ಅಂಗಿ ತೊಟ್ಟು ಬರುತ್ತಿದ್ದಳು. ನಿನ್ನೆ ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತಿದಾಗ ಅಂಗಿಯ ತೋಳು ಜಾರಿತು. ಮೊಣಕೈಯಿಂದ ಮೇಲೆ ನೀಲಿಗಟ್ಟಿದ ಕಲೆಗಳು. ಕತ್ತಿನ ಹಿಂದೆಯೂ ಒಂದು. ತರಗತಿ ಮುಗಿದ ಮೇಲೆ ಟೀಚರ್ ಅವಳನ್ನು ನಿಲ್ಲಿಸಿಕೊಂಡರು.

"ಏನಮ್ಮಾ ಇದು?"

"ಬಿತ್ತು, ಟೀಚರ್."

ತಪ್ಪು ವಾಕ್ಯ ಕೇಳಿದರೆ ಅವರಿಗೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ. ಎಂಥ ಹೊತ್ತಿನಲ್ಲೂ ತಿದ್ದದೆ ಇರಲಾರರು.

"ಬಿತ್ತು ಅಂದ್ರೇನು? ಕರ್ತೃ ಎಲ್ಲಿ? 'ನಾನು ಬಿದ್ದೆ' ಅನ್ನಬೇಕು."

ಹುಡುಗಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. "ನಾನು ಬಿದ್ದೆ," ಎಂದಳು.

"ಎಲ್ಲಿ?"

"ಚೌಕದಲ್ಲಿ. ಸ್ಕೇಟ್‌ಬೋರ್ಡ್ ಆಡುವಾಗ."

"ಹೌದಾ? ನಾನೇ ಬಂದು ನೋಡ್ತೀನಿ ಬಿಡು."

ಹಾಗೆ ಅಂದರೂ ಟೀಚರ್ ನಂಬಲಿಲ್ಲ. ಇಪ್ಪತ್ತೆರಡು ವರ್ಷ ಮಕ್ಕಳ ಸುಳ್ಳು ಕೇಳಿ ಪಳಗಿದ ಕಿವಿ. ಬೆಳಿಗ್ಗೆ ಎದ್ದವರೇ ಪತ್ರ ಬರೆದರು. ಒಂದು ಅಲ್ಪವಿರಾಮವೂ ಜಾಗ ತಪ್ಪಿರಲಿಲ್ಲ.

ಚೌಕದಲ್ಲಿ ಗಡಗಡ ಸದ್ದು. ಹತ್ತು ಹನ್ನೆರಡು ಜನ ಬೋರ್ಡಿನ ಮೇಲೆ ಸುಯ್ಯನೆ ಬಂದು, ಕಲ್ಲುಬೆಂಚಿನ ಅಂಚಿಗೆ ಹಾರಿ, ದಬದಬನೆ ಬೀಳುತ್ತಿದ್ದರು. ಬಿದ್ದವರು ನಗುತ್ತಾ ಎದ್ದು ಅಂಗೈಯ ದೂಳು ಕೊಡವುತ್ತಿದ್ದರು. ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿ ಟೀಚರನ್ನು ಕಂಡವಳೇ ದಡಬಡಿಸಿ ಎದ್ದಳು. ಪಕ್ಕದಲ್ಲಿದ್ದ ಹೆಂಗಸಿನ ಕಿವಿಯಲ್ಲಿ ಏನೋ ಅಂದಳು. ಮರುಕ್ಷಣ ಬೋರ್ಡ್ ಹತ್ತಿ ಹೊರಟಳು.

ನಾಲ್ಕು ಮಾರು ಹೋಗಿರಲಿಲ್ಲ, ಬೋರ್ಡ್ ಒಂದು ಕಡೆ, ಹುಡುಗಿ ಒಂದು ಕಡೆ. ಎದ್ದಳು, ಹತ್ತಿದಳು, ಮತ್ತೆ ಬಿದ್ದಳು. ಪ್ರತಿ ಸಲ ಬಿದ್ದಾಗಲೂ ಟೀಚರ್ ಇದ್ದ ಕಡೆ ನೋಡುತ್ತಿದ್ದಳು.

ಟೀಚರಿಗೆ ಎದೆಯ ಭಾರ ಇಳಿಯಿತು. ಹಿಂದೆಯೇ ನಾಚಿಕೆಯಾಯಿತು. ಯಾರದೋ ಮರ್ಯಾದಸ್ಥ ಮನೆಯ ಮೇಲೆ ಎಂಥ ಮಾತು ಬರೆದುಬಿಟ್ಟಿದ್ದೆ!

ಅಷ್ಟರಲ್ಲಿ ಮಗಳನ್ನು ಕರೆದೊಯ್ಯಲು ಅಪ್ಪ ಬಂದರು. ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. ಟೀಚರಿಗೆ ತಡೆದುಕೊಳ್ಳಲಾಗಲಿಲ್ಲ.

"ಕ್ಷಮಿಸಿ ಸರ್. ಮೈಮೇಲಿನ ಕಲೆ ನೋಡಿ, ಮನೇಲಿ ಯಾರೋ ಹೊಡೀತಾರೆ ಅಂತ ದೂರು ಬರೆದಿದ್ದೆ. ಈಗ ಕಣ್ಣಾರೆ ನೋಡ್ದೆ, ಎಲ್ಲಾ ಈ ಬೋರ್ಡಿನ ಕಿತಾಪತಿ." ಪತ್ರವನ್ನು ಅವರೆದುರೇ ಹರಿದು ಚೂರು ಮಾಡಿದರು.

ಅಪ್ಪ ನಕ್ಕರು. "ಅಯ್ಯೋ, ಬಿಡಿ ಮೇಡಂ. ನಿಮ್ಮಂಥವರು ಇರಬೇಕು. ಇವಳ ಹತ್ರ ಮನೆಗೆ ಹೋಗಿ ನಾನು ಮಾತಾಡ್ತೀನಿ."

ಮಗಳ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು. ಹುಡುಗಿ ಹಿಂತಿರುಗಿ ನೋಡದೆ ಕಾರು ಹತ್ತಿದಳು. ಕಾರು ತಿರುವಿನಲ್ಲಿ ಮರೆಯಾಯಿತು. ಎದುರಿನ ಕಚೇರಿಯ ಬಾಗಿಲೂ ಮುಚ್ಚಿತು.

ಮೆಟ್ಟಿಲ ಮೇಲಿದ್ದ ಹೆಂಗಸು ಬಂದು ಬೋರ್ಡ್ ಎತ್ತಿಕೊಂಡಳು. ಹಗಲು ವೆಲ್ಡಿಂಗ್ ಕೆಲಸ, ಸಂಜೆ ಇಲ್ಲಿ ಎಲ್ಲರಿಗೂ ಕಲಿಸುವ ಅಕ್ಕ. ಅವಳ ಅಂಗೈ ತುಂಬಾ ತರಚಿದ ಗಾಯದ ಹಕ್ಕಳೆ.

"ಒಂದು ತಿಂಗಳಲ್ಲಿ ಎಷ್ಟು ಸಲ ಬಿದ್ದಿದಾಳೋ ಪಾಪ, ಆದ್ರೂ ಹಟ ಬಿಟ್ಟಿಲ್ಲ ನೋಡಿ," ಎಂದರು ಟೀಚರ್, ಹಗುರಾಗಿ.

ಅಕ್ಕ ಹುಬ್ಬು ಗಂಟಿಕ್ಕಿದಳು. "ಬೋರ್ಡ್ ನಂದು, ಮೇಡಂ. ಅವಳು ದಿನಾ ಬಂದು ಸುಮ್ನೆ ಕೂತಿರ್ತಾಳೆ, ಮನೆಗೆ ಹೋಗೋ ಹೊತ್ತಾಗೋವರೆಗೆ. ಇದರ ಮೇಲೆ ಕಾಲಿಟ್ಟಿದ್ದು ಇವತ್ತೇ ಮೊದಲು."