ದಮಾಸನ ಊಟ

ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು. ಬೇಯಿಸಿದ ಕಡಲೆ, ಬಾರ್ಲಿ ರೊಟ್ಟಿ, ಒಂದು ಹುರಿದ ಮೀನು. ಪ್ರವಾದಿ ದಮಾಸ ಅದರ ಮುಂದೆ ಕುಳಿತಿದ್ದ. ಕೈ ಇನ್ನೂ ತೊಡೆಯ ಮೇಲಿತ್ತು.

ನಿಯಮ ಮಕ್ಕಳಿಗೂ ಗೊತ್ತಿತ್ತು. ಪ್ರಾರ್ಥನೆಯಲ್ಲಿ ದೇವರ ಆತ್ಮ ಮೈದುಂಬಿದಾಗ ಪ್ರವಾದಿ ಊಟ ಹಾಕಿಸಿದರೆ ಅದು ಬಡವರ ಪಾಲು. ಅವನೇ ತಿಂದರೆ ಅವನು ಸುಳ್ಳು ಪ್ರವಾದಿ. ಅವನ ಬಾಯಿಂದ ಬಂದ ಯಾವ ಮಾತೂ ದೇವರದ್ದಲ್ಲ.

ಅವತ್ತಿನ ಮಾತು ಸಣ್ಣದಾಗಿರಲಿಲ್ಲ. ಉಣ್ಣೆ ತೊಳೆಯುವ ತಾತಿಯಾಳ ಮಗ ಟ್ರೊಫಿಮ ಕ್ರೈಸ್ತನೆಂಬ ಕಾರಣಕ್ಕೆ ಸೆರೆಮನೆಯಲ್ಲಿದ್ದ. ಮರುದಿನ ಚಕ್ರವರ್ತಿಯ ಮೂರ್ತಿಯೆದುರು ಚಿಟಿಕೆ ಧೂಪ ಹಾಕಿದರೆ ಬಿಡುಗಡೆ, ಇಲ್ಲವಾದರೆ ಕತ್ತಿ. "ಪ್ರಾರ್ಥನೆ ಮಾಡಿ ಕೇಳಿ. ಕರ್ತ ಏನು ಹೇಳ್ತಾನೋ ಹಾಗೇ ಮಾಡ್ತೀನಿ" ಎಂದು ಅವನು ಹೇಳಿಕಳಿಸಿದ್ದ. ಅದಕ್ಕೇ ಸಭೆಯವರು ಫ್ರಿಗಿಯಾ ಸೀಮೆಯ ಊರೂರು ಅಲೆಯುವ ದಮಾಸನನ್ನು ಕರೆಸಿದ್ದರು.

ದಮಾಸ ಬೆಳಗಿನಿಂದ ಕೈಯೆತ್ತಿ ನಿಂತಿದ್ದ. ಮಧ್ಯಾಹ್ನ ಮೈ ನಡುಗಿತು. ದನಿ ಬದಲಾಯಿತು.

"ಅವನು ಧೂಪ ಮುಟ್ಟದಿರಲಿ. ಅವನಿಗೆ ಹುತಾತ್ಮನ ಕಿರೀಟ ಸಿದ್ಧವಿದೆ."

ಸಭೆ ಆಮೆನ್ ಎಂದಿತು. ಕೆಲವರು ಅತ್ತರು, ಸಂತೋಷಕ್ಕೆ. ತಾತಿಯಾ ಅಳಲಿಲ್ಲ. ಬಿರುಕುಬಿಟ್ಟ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಿದ್ದಳು.

"ಪುಣ್ಯ ಮಾಡಿದ್ದೀಯ ಕಣೇ," ಎಂದು ಪಕ್ಕದವಳು ಭುಜ ತಟ್ಟಿದಳು.

"ಹಾಗಾದ್ರೆ ನಿನ್ ಮಗನ್ನ ಕಳಿಸು," ಎಂದಳು ತಾತಿಯಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ದಮಾಸ ಅವಳತ್ತ ನೋಡಿದ. ಕಣ್ಣು ಮುಚ್ಚಿದ. ಮತ್ತೆ ಅದೇ ದನಿ: "ಊಟ ಹಾಕಿ."

ಹಾಕಿದ್ದರು. ಈಗ ಅವನು ರೊಟ್ಟಿ ಮುರಿದ. ಮೀನಿನ ಜೊತೆ ಬಾಯಿಗಿಟ್ಟ. ನಿಧಾನವಾಗಿ ಅಗಿದ, ಎಲ್ಲರಿಗೂ ಕಾಣುವಂತೆ.

"ಥೂ, ಹೊಟ್ಟೆಬಾಕ!" ಸಭೆಯ ಹಿರಿಯ ಮೆನೋಫಿಲ ತಟ್ಟೆಯನ್ನು ಒದ್ದ. "ನಿನ್ನ ಆತ್ಮ ಹೊಟ್ಟೆಯೊಳಗಿಂದ ಬಂತೇನೋ?"

ಕುತ್ತಿಗೆ ಹಿಡಿದು ಹೊರದಬ್ಬಿದರು. ಸುತ್ತಲಿನ ಸಭೆಗಳಿಗೆಲ್ಲ ಸುದ್ದಿ ಹೋಯಿತು. ಸೆರೆಮನೆಗೂ ಹೋಯಿತು: ಕರ್ತನಿಂದ ಮಾತು ಬಂದಿಲ್ಲ, ನಿನಗೆ ತೋಚಿದಂತೆ ಮಾಡು.

ಟ್ರೊಫಿಮ ಧೂಪ ಹಾಕಿ ಮನೆಗೆ ಬಂದ. ಮೂರ್ತಿಗೆ ತಲೆಬಾಗಿದವನೆಂದು ಸಭೆ ಅವನನ್ನು ಹೊರಗಿಟ್ಟಿತು. ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹೊತ್ತುಹೊತ್ತಿಗೆ ಉಣ್ಣುತ್ತಿದ್ದ, ಮಲಗುತ್ತಿದ್ದ. ತಾಯಿಗೆ ಅಷ್ಟು ಸಾಕಿತ್ತು. ಒಂದೇ ಒಂದು ಸಂಶಯ ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಚಳಿಗಾಲದಲ್ಲಿ ತಾತಿಯಾ ಉಣ್ಣೆ ಮಾರಲು ಪಕ್ಕದ ಪಟ್ಟಣಕ್ಕೆ ಹೋದಳು. ಅಲ್ಲಿ ದಮಾಸ ಇಟ್ಟಿಗೆ ಹೊರುತ್ತಿದ್ದ. ಯಾವ ಸಭೆಯೂ ಅವನನ್ನು ಬಾಗಿಲೊಳಗೆ ಬಿಟ್ಟಿರಲಿಲ್ಲ. ತಾತಿಯಾ ಅವನ ದಾರಿಗೆ ಅಡ್ಡ ನಿಂತಳು.

"ನಿಜ ಹೇಳಯ್ಯ. ನನ್ ಮಗ ದೇವರ ಮಾತು ಮೀರಿಲ್ಲ ತಾನೇ? ಅವತ್ತು ನಿಂಗೆ ದೇವರು ಏನೂ ಹೇಳಿರ್ಲಿಲ್ಲ, ಅಲ್ವಾ?"

ದಮಾಸ ಇಟ್ಟಿಗೆ ಕೆಳಗಿಟ್ಟ.

"ಹೇಳಿದ್ದ ತಾಯಿ. ಕಿರೀಟದ ಮಾತು ಅವನದ್ದೇ. ಊಟದ ಮಾತು ಮಾತ್ರ ನಂದು."