ಜಟ್ಟಪ್ಪ ಹೇಳಿದ ಜಾಗ

"ಎರಡೂ ಡಬ್ಬದ ಮೀನು ಒಂದೇ ಜಾಗದ್ದು, ಜಟ್ಟಪ್ಪಣ್ಣ. ನೀವು ಮಾತ್ರ ಒಂದು ಕಾರವಾರದ ಆಚೆಯದು, ಇನ್ನೊಂದು ಮಲ್ಪೆ ಕಡೆಯದು ಅಂತ ಹೇಳಿ ಕೊಟ್ರಿ."

ಭಟ್ಕಳ ಬಂದರಿನಲ್ಲಿ ತನ್ನ ಬೋಟಿನ ಮೇಲೆ ಕೂತು ಬಲೆ ಹೊಲಿಯುತ್ತಿದ್ದ ಜಟ್ಟಪ್ಪ ಮೊಗೇರ ತಲೆ ಎತ್ತಲಿಲ್ಲ. "ಮೀನೇ ಬಂದು ಚಾಡಿ ಹೇಳ್ತಾ?"

"ಹೇಳ್ತು," ಎಂದು ನಕ್ಕಳು ಚಂದನಾ. ಕುಮಟೆಯ ಹುಡುಗಿ, ಸಂಶೋಧನೆಗೆ ಸೇರಿದವಳು. ಆಳಸಮುದ್ರದ ಕೆಂಪು ಮೀನೊಂದರ ರೆಕ್ಕೆಯ ಚೂರನ್ನು ಬಂದರಿನಿಂದ ಬಂದರಿಗೆ ಹೋಗಿ ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಮುಳುಗಿಸಿ ಒಯ್ಯುತ್ತಿದ್ದಳು. ಯಾವ ನೀರಿನ ಮೀನು ಯಾವ ನೀರಿನದಕ್ಕೆ ನೆಂಟ ಎಂದು ಅದರ ಡಿಎನ್‌ಎ ನೋಡಿ ತಿಳಿಯುವುದು ಅವಳ ಕೆಲಸ. "ನಿಜ ಜಾಗ ಹೇಳಿ. ಜಾಗ ಗೊತ್ತಿಲ್ಲದ ಮೀನು ನಂಗೆ ಸಾರು ಮಾಡೂಕೆ ಮಾತ್ರ."

"ಸುಳ್ಳು ಬಾರದವ ಬೋಟು ನಡೆಸೂ ತಾಂಡೇಲ ಆಗೂಕೆ ಆಗೂದಿಲ್ಲ, ತಂಗಿ. ವಾಯರ್‌ಲೆಸ್ ಕೇಳು ಬೇಕಾರೆ. ಬಲೆ ಹರಿಯೂವಷ್ಟು ಮೀನು ಬಿದ್ದಿರ್ತದೆ, 'ಬರೀ ಕಸ ಮಾರಾಯ' ಅಂತ ಅಳ್ತಾ ಇರ್ತಾರೆ."

ಆ ಜಾಗವನ್ನು ಅವನು ಯಾರಿಗೂ ಹೇಳಿರಲಿಲ್ಲ. ರಾತ್ರಿಯಲ್ಲಿ ಸುತ್ತುಬಳಸಿ ಹೋಗುತ್ತಿದ್ದ ಬೋಟಿನಲ್ಲಿ ಖಲಾಸಿಗಳಿಗೂ ಸುತ್ತಲಿನ ನೀರು ಕಾಣುತ್ತಿತ್ತೇ ಹೊರತು ಜಿಪಿಎಸ್ಸಿನ ಅಂಕಿ ಕಾಣುತ್ತಿರಲಿಲ್ಲ. ಇವತ್ತು ಮಾತ್ರ ಹೇಳುವುದಿತ್ತು. ಇಷ್ಟು ವರ್ಷ ಅವನ ಬೋಟಿನಲ್ಲೇ ದುಡಿದ ತಮ್ಮ ನಾರಾಯಣ ಸ್ವಂತ ಬೋಟು ಇಳಿಸಿದ್ದ. ಮೊದಲ ಸಲ ಆಳಕ್ಕೆ ಹೊರಡುವ ದಿನ ಆ ಜಾಗವನ್ನು ಅವನಿಗೆ ಕೊಡುತ್ತೇನೆಂದು ಜಟ್ಟಪ್ಪ ತಾಯಿಯ ಮುಂದೆ ಮಾತು ಕೊಟ್ಟಿದ್ದ. ಪಕ್ಕದಲ್ಲೇ ಆ ಬೋಟು ಗೊಂಡೆಹೂವಿನ ಮಾಲೆ ಹಾಕಿಕೊಂಡು ಕಾಯುತ್ತಿತ್ತು.

"ಆತು, ಒಂದೇ ಜಾಗದ್ದು ಅಂತ ಇಟ್ಕೋ. ಅದ್ರಿಂದ ಎಂತ ಆತು?"

ಚಂದನಾಳ ನಗು ಇಳಿಯಿತು. "ಹೊನ್ನಾವರದಲ್ಲಿ ಸಿಕ್ಕಿದ್ದು, ಕೊಚ್ಚಿಯಲ್ಲಿ ಸಿಕ್ಕಿದ್ದು, ಎಲ್ಲ ಒಂದಕ್ಕೊಂದು ಬಳಗ. ನಿಮ್ಮ ಮೀನಿಗೆ ಮಾತ್ರ ಯಾರೂ ಇಲ್ಲ. ಅಲ್ಲಿಂದ ಒಂದು ಹೊರಗೆ ಹೋಗೂದಿಲ್ಲ, ಹೊರಗಿನದು ಒಂದು ಒಳಗೆ ಬರೂದಿಲ್ಲ. ಎಷ್ಟೋ ತಲೆಮಾರಿಂದ ಹಾಗೇ ಇದ್ದ ಹಾಗೆ ಕಾಣ್ತದೆ."

ಬಲೆಯ ಸೂಜಿ ನಿಂತಿತು. "ಅಂದ್ರೆ, ಹಿಡಿದಷ್ಟೂ ಬೇರೆ ಕಡೆಯಿಂದ ಬಂದು ತುಂಬೂದು..."

"ಇಲ್ಲ. ಅಲ್ಲಿ ಮುಗಿದ್ರೆ ಮುಗೀತು."

ಈಚಿನ ವರ್ಷಗಳಲ್ಲಿ ಬಲೆಗೆ ಬೀಳುವ ಮೀನು ಸಣ್ಣದಾಗುತ್ತ ಬಂದದ್ದು ಜಟ್ಟಪ್ಪನಿಗೆ ಗೊತ್ತಿತ್ತು. ಕಡಲಿಗೆ ಏನೋ ಮುನಿಸು, ಮುಂದಿನ ವರ್ಷ ಸರಿಯಾದೀತು ಎಂದುಕೊಂಡಿದ್ದ. "ಎರಡು ಬೋಟು ಹೋದ್ರೆ?" ಎಂದು ಕೇಳಿದ. ಚಂದನಾ ಹೂಮಾಲೆಯ ಬೋಟನ್ನು ನೋಡಿದಳು.

ಅಷ್ಟರಲ್ಲಿ ನಾರಾಯಣ ಈ ಬೋಟಿಗೆ ಹಾರಿ ಬಂದ. "ಅಣ್ಣಯ್ಯ, ನೀರು ಇಳಿಯೂಕೆ ಶುರುವಾತು. ಹೇಳು, ಎಲ್ಲಿ?"

"ಕೂತ್ಕೋ. ಅಲ್ಲಿಗೆ ಹೋಗೂದು ಬೇಡ, ನಾರಾಯಣ. ನಾನೂ ಇನ್ನು ಹೋಗೂದಿಲ್ಲ. ಆ ಮೀನಿಗೆ ಹೊರಗೆ ಬಳಗ ಇಲ್ಲ, ಮುಗಿದ್ರೆ ಮತ್ತೆ ಬರೂದಿಲ್ಲ. ಈ ತಂಗಿ ನೋಡಿ ಹೇಳ್ತು."

ನಾರಾಯಣ ಇಬ್ಬರನ್ನೂ ನೋಡಿದ. "ಕೊಡೂಕೆ ಮನಸ್ಸಿಲ್ಲ ಅಂದಿದ್ರೆ ಸಾಕಿತ್ತು. ಅದಕ್ಕೆ ಓದಿದವ್ರನ್ನ ಕರ್ಸಬೇಕಿತ್ತಾ?"

"ಅವರು ಹೇಳೂದು ಸತ್ಯ," ಎಂದಳು ಚಂದನಾ.

"ನಿಮಗೆ ಎಷ್ಟು ಸತ್ಯ ಹೇಳಿದ್ರು, ಅಕ್ಕೋರೆ?"

ಅವಳು ಕೈಯಲ್ಲಿದ್ದ ಡಬ್ಬವನ್ನು ನೋಡಿದಳು.

"ಅಮ್ಮನಾಣೆ, ನಾರಾಯಣ," ಎಂದ ಜಟ್ಟಪ್ಪ.

"ಆಣೆ ಹಾಕ್ಬೇಡ. ವಾಯರ್‌ಲೆಸ್ಸಿನಲ್ಲಿ ನೀನು ಹಾಕಿದ ಆಣೆಯೆಲ್ಲ ಇದೇ ಬೋಟಿನಲ್ಲಿ ಕೂತು ಕೇಳಿದವ ನಾನು. ಬೇರೆಯವ್ರಿಗೆ ಅಂದ್ಕಂಡಿದ್ದೆ. ನಂಗೂ ನೀನು ಅದೇ ಮಾಡ್ತೆ ಅಂತ ಗೊತ್ತಿರ್ಲಿಲ್ಲ."

ನಾರಾಯಣ ತನ್ನ ಬೋಟಿನ ಕಡೆ ತಿರುಗಿದ. ಜಟ್ಟಪ್ಪ ಎದ್ದು ನಿಂತ. ಆಚೀಚೆಯ ಬೋಟಿನವರಿಗೆ ಕೇಳದ ಹಾಗೆ ತಮ್ಮನ ಕಿವಿಯ ಹತ್ತಿರ ಬಾಗಿ, ನೇತ್ರಾಣಿ ನಡುಗಡ್ಡೆ ದಾಟಿ ತೆಂಕು ದಿಕ್ಕಿಗೆ ಎಷ್ಟು ಹೋಗಬೇಕು, ಎಷ್ಟು ಮಾರು ಆಳ, ಜಿಪಿಎಸ್ಸಿನ ಅಂಕಿ ಯಾವುದು, ಎಲ್ಲವನ್ನೂ ನಿಧಾನವಾಗಿ ಹೇಳಿದ. ಒಂದೂ ತಪ್ಪಿರಲಿಲ್ಲ. ಎದುರಿಗೇ ನಿಂತಿದ್ದ ಚಂದನಾಳಿಗೂ ಅದು ಕೇಳಿಸಿತು.

ನಾರಾಯಣ ಕಹಿಯಾಗಿ ನಕ್ಕ. "ಹೋಗೂದೇ ಬೇಡ ಅಂದವ, ಒಂದು ಮಾತಿಗೆ ಜಾಗ ಕೊಟ್ಬಿಟ್ಯಾ! ಸುಳ್ಳು ಜಾಗ ಯಾವುದು ಅಂತ ನಿನ್ನ ಹತ್ರವೇ ಕಲಿತವ ನಾನು, ಅಣ್ಣಯ್ಯ." ಹೊರಡುವ ಹೊತ್ತಿನಲ್ಲಿ ಹಿರಿಯರಿಗೆ ನಮಸ್ಕರಿಸುವುದನ್ನು ಬಿಡುವಂತಿಲ್ಲ ಎಂದು ಬಗ್ಗಿ ಅಣ್ಣನ ಕಾಲು ಮುಟ್ಟಿದ. ಮುಖ ನೋಡದೆ ತನ್ನ ಬೋಟಿಗೆ ಹಾರಿದ.

ಬೋಟು ಅಳಿವೆ ದಾಟಿತು. ತೆರೆದ ಕಡಲಿಗೆ ಇಳಿದದ್ದೇ, ತೆಂಕು ದಿಕ್ಕನ್ನು ಬೆನ್ನಿಗೆ ಹಾಕಿ ಬಡಗು ದಿಕ್ಕಿಗೆ ತಿರುಗಿತು. ಜಟ್ಟಪ್ಪ ಅದು ಚುಕ್ಕೆಯಾಗುವವರೆಗೂ ನೋಡಿದ. ಆ ಜಾಗ ಉಳಿಯಿತು. ತಮ್ಮನನ್ನು ಕರೆಯಲು ವಾಯರ್‌ಲೆಸ್ಸಿನ ಕಡೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡ.

"ಜಟ್ಟಪ್ಪಣ್ಣ," ಚಂದನಾ ಮೆಲ್ಲಗೆ ಕೇಳಿದಳು, "ಈಗ ಹೇಳಿದ್ರಲ್ಲ, ಆ ಜಾಗ ನಿಜದ್ದಾ?"

"ಅದೇ, ತಂಗಿ. ಬರ್ಕೋ."

ಅವಳ ಪೆನ್ನು ಕಾಗದಕ್ಕೆ ತಾಗಿ, ಅಲ್ಲೇ ನಿಂತಿತು.